ಗಣೆಯ ದನಿ, ಮೋಟಾರಿನ ವೇಗ: ಹರಿಯಬ್ಬೆ ಸೀಮೆಯ ಕ್ಯಾಸೆಟ್ಟುಗಳ ಪಾಠನಿರ್ಣಯ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಆಸುಪಾಸಿನ ಗೊಲ್ಲರಹಟ್ಟಿಯೊಂದರಲ್ಲಿ ಬಹಳ ವರ್ಷಗಳ ಹಿಂದೆ ಧ್ವನಿಮುದ್ರಣವಾದ ಸೋಬಾನೆ ಪದಗಳ ಕ್ಯಾಸೆಟ್ಟನ್ನು ಹಾಡಿದಾಕೆಯ ಮಗಳಿಗೇ ಕೇಳಿಸಿದೆ. ಮಗಳಿಗೂ ಈಗ ಎಪ್ಪತ್ತು ದಾಟಿದೆ. ಎರಡು ಸೊಲ್ಲು ಕೇಳಿದವರು ತಲೆ ಅಲ್ಲಾಡಿಸಿದರು. “ಪದ ನಮ್ಮವ್ವುಂದೇ ಕಣಪ್ಪ, ದನಿ ಅಲ್ಲ. ಇದ್ಯಾವ್ದೋ ಹುಡ್ಗಿ ಹಾಡ್ತೈತೆ” ಅಂದರು. ಕ್ಯಾಸೆಟ್ಟಿನ ಮೇಲಿನ ಚೀಟಿಯಲ್ಲಿ ತಾಯಿಯ ಹೆಸರೇ ಇತ್ತು. ಚೀಟಿ ತಪ್ಪಿರಬಹುದೆಂದು ಬರೆದುಕೊಂಡು ಬಂದೆ. ತಿಂಗಳಾದ ಮೇಲೆ ಅದೇ ಹಾಡನ್ನು ವೇಗ ತಗ್ಗಿಸಿ ಮತ್ತೆ ಕೇಳಿಸಿದಾಗ ಅವರು ಏನೂ ಹೇಳಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೊನೆಯವರೆಗೂ ಕೇಳಿದರು.

ಚೀಟಿ ಸರಿಯಾಗಿಯೇ ಇತ್ತು. ತಪ್ಪಿದ್ದು ಯಂತ್ರದಲ್ಲಿ. ಈ ಟಿಪ್ಪಣಿ ಹುಟ್ಟಿದ್ದು ಆ ತಪ್ಪಿನಿಂದ. ತಾಳೆಗರಿಯ ಕಾವ್ಯವನ್ನು ಸಂಪಾದಿಸುವವರು ಲಿಪಿಕಾರನ ಕೈತಪ್ಪು ಯಾವುದು, ಕವಿಯ ಪ್ರಯೋಗ ಯಾವುದು ಎಂದು ಸೋಸಿ ನೋಡುತ್ತಾರೆ. ಗರಿಯನ್ನು ಹುಳು ತಿಂದ ಜಾಗವನ್ನೂ ಅಡಿಟಿಪ್ಪಣಿಯಲ್ಲಿ ಗುರುತಿಸುತ್ತಾರೆ. ಟೇಪಿನಿಂದ ಬರೆದುಕೊಂಡ ಹಾಡಿಗೆ ನಾವು ಆ ಎಚ್ಚರವನ್ನು ತೋರಿಸಿಲ್ಲ. ಟೇಪು ಹೇಳಿದ್ದೆಲ್ಲ ಹಾಡಿದವರು ಹೇಳಿದ್ದೇ ಎಂದು ನಂಬಿದ್ದೇವೆ. ಆದರೆ ಹಾಡಿದವರಿಗೂ ನಮಗೂ ನಡುವೆ ಎರಡು ಯಂತ್ರಗಳಿವೆ, ಅಂದು ಮುದ್ರಿಸಿದ್ದು ಒಂದು, ಇಂದು ನುಡಿಸುತ್ತಿರುವುದು ಇನ್ನೊಂದು. ಎರಡೂ ಲಿಪಿಕಾರರೇ. ಇವುಗಳ ದುರಸ್ತಿಯನ್ನು ರಿಪೇರಿ ಅಂಗಡಿಯ ಪಾಲಿಗೆ ಬಿಟ್ಟುಬಿಡುವ ಹಾಗಿಲ್ಲ. ಅದು ಪಾಠನಿರ್ಣಯದ ಮೊದಲ ಹೆಜ್ಜೆ ಎಂಬುದು ನನ್ನ ವಾದ.

ಈ ಸೀಮೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಹಿರಿಯೂರು, ಚಳ್ಳಕೆರೆ, ಶಿರಾ ಭಾಗದ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪ, ಎತ್ತಪ್ಪರ ಕತೆಗಳು ಬಾಯಲ್ಲೇ ಉಳಿದು ಬಂದವು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ಪುಸ್ತಕವಾಗಿ ತಂದದ್ದರಿಂದ ನಾಡಿಗೆ ಈ ಸಿರಿಯ ಅಳತೆ ಸಿಕ್ಕಿತು. ಅಚ್ಚಾಗದೆ ಉಳಿದದ್ದು ಇನ್ನೂ ಬಹಳ. ಮೇಷ್ಟ್ರುಗಳು, ಕಾಲೇಜು ಹುಡುಗರು, ಹಟ್ಟಿಯ ಆಸಕ್ತರು ತಮ್ಮ ಪಾಡಿಗೆ ತಾವು ತುಂಬಿಸಿಟ್ಟ ಕ್ಯಾಸೆಟ್ಟುಗಳು ಟ್ರಂಕಿನಲ್ಲೋ ಅಟ್ಟದ ಮೇಲೋ ಕೂತಿವೆ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆ ನಮ್ಮಲ್ಲಿ ಮನೆಮಾತಾದದ್ದು 1978ರಲ್ಲಿ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ಟು ಬಂದ ಮೇಲೆ. ಮುಂದಿನ ಇಪ್ಪತ್ತು ವರ್ಷ ಹಳ್ಳಿಹಳ್ಳಿಗೂ ಟೇಪ್‌ರೆಕಾರ್ಡರ್ ಬಂತು, ಮದುವೆಯ ಬಳುವಳಿಯಾಗಿಯೂ ಬಂತು. ಹಾಡುಗಳನ್ನು ಹಿಡಿದಿಟ್ಟದ್ದು ಆ ಯಂತ್ರಗಳೇ. ಇವತ್ತು ಅವು ಅಟ್ಟದಿಂದ ಇಳಿದು ಬರುವುದು ಸತ್ತ ಸ್ಥಿತಿಯಲ್ಲಿ.

ನನ್ನ ಮೇಜಿನ ಮೇಲಿರುವ ಒಂದರ ಕತೆ ಹೇಳುತ್ತೇನೆ. ಒಂದೇ ಸ್ಪೀಕರಿನ, ಹಿಡಿಕೆಯ, ದಪ್ಪ ಸೆಲ್ಲು ಹಾಕುವ ಟೇಪು. ಪ್ಲೇ ಒತ್ತಿದರೆ ಮೋಟಾರಿನ ಗುಂಯ್ ಸದ್ದು ಕೇಳುತ್ತದೆ, ರೀಲು ಅಲ್ಲಾಡುವುದಿಲ್ಲ. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ ಡೆಕ್ಕನ್ನು ಎತ್ತಿ ನೋಡಿದರೆ, ಬೆಲ್ಟು ಇರಬೇಕಾದ ಕಡೆ ಡಾಂಬರಿನಂಥ ಕಪ್ಪು ಅಂಟು. ಮೋಟಾರಿನ ಪುಟ್ಟ ಹಿತ್ತಾಳೆ ರಾಟೆಗೆ ಅರ್ಧ, ಫ್ಲೈವೀಲಿನ ಅಂಚಿಗೆ ಅರ್ಧ ಮೆತ್ತಿಕೊಂಡಿತ್ತು. ಬೆರಳು ತಾಗಿದರೆ ಎರಡು ದಿನ ಹೋಗದ ಕಪ್ಪು. ಕೆಲವು ಬೆಲ್ಟುಗಳ ಪಾಲಿಯುರೆಥೇನು ಗಾಳಿಯ ತೇವವನ್ನು ಹೀರಿ ತನ್ನ ಕೊಂಡಿಗಳನ್ನು ತಾನೇ ಕಳಚಿಕೊಳ್ಳುತ್ತದೆ, ಗಟ್ಟಿಯಿದ್ದದ್ದು ಬಂಕೆಯಾಗುತ್ತದೆ. ಬೇರೆ ಬಗೆಯ ರಬ್ಬರು ಇದಕ್ಕೆ ತಿರುಗುಮುರುಗು, ಒಣಗಿ ಬಿರುಸಾಗಿ ಸೀಳು ಬಿಡುತ್ತದೆ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಬೇಯುವ ನಮ್ಮ ಅಟ್ಟಗಳಲ್ಲಿ ಎರಡೂ ಕಾಣುತ್ತವೆ.

ಈ ಅಂಟನ್ನು ಚಾಕುವಿನಿಂದ ಕೆರೆಯಬಾರದು. ರಾಟೆಯ ಮೈಮೇಲೆ ಗೀರು ಬಿದ್ದರೆ ಆ ಗೀರು ಮುಂದೆ ಪ್ರತಿ ಸುತ್ತಿಗೂ ಹಾಡಿನಲ್ಲಿ ಕೇಳಿಸುತ್ತದೆ. ಬಿದಿರಿನ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಹತ್ತಿ ಬಿಳಿಯಾಗಿ ಹೊರಬರುವವರೆಗೂ ಒರೆಸಬೇಕು. ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಹೊಸ ಬೆಲ್ಟಿಗೆ ಅಳತೆ ತೆಗೆಯಲು ರಾಟೆಗಳ ಸುತ್ತ ದಾರ ಸುತ್ತಿ, ಬಂದ ಉದ್ದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದನ್ನು ಆರಿಸಿದರೆ ಎಳೆತ ಹದವಾಗಿರುತ್ತದೆ. ತುರ್ತಿಗೆ ರಬ್ಬರ್ ಬ್ಯಾಂಡ್ ಹಾಕುವ ರೂಢಿಯಿದೆ. ರೀಲು ತಿರುಗುವುದೇನೋ ಹೌದು, ಆದರೆ ಅದರ ಮೈ ಒಂದೇ ದಪ್ಪ ಇರುವುದಿಲ್ಲವಾಗಿ ಹಾಡು ತೇಲಾಡುತ್ತದೆ. ಸಂಶೋಧನೆಗೆ ಅದು ಸಲ್ಲದು.

ಇನ್ನೊಂದು ಊರ ರೂಢಿ ಕೊಬ್ಬರಿ ಎಣ್ಣೆ. ಕಿರ್‌ಕಿರ್ ಅನ್ನುತ್ತಿದೆ ಎಂದು ಯಾರೋ ಒಂದು ತೊಟ್ಟು ಬಿಟ್ಟಿರುತ್ತಾರೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಮಾಗಿಯ ರಾತ್ರಿ ಈ ಬಯಲಿನಲ್ಲಿ ಚಳಿ ಅದಕ್ಕಿಂತ ಬಹಳ ಕೆಳಗಿಳಿಯುತ್ತದೆ. ಅಂದರೆ ಹಗಲು ಚೆನ್ನಾಗಿ ಓಡಿದ ಯಂತ್ರ ರಾತ್ರಿ, ಹಬ್ಬದ ಹಾಡು ಶುರುವಾಗುವ ಹೊತ್ತಿಗೇ, ಭಾರವಾಗಿ ತಿರುಗಿರಲು ಸಾಧ್ಯ. ವರ್ಷಗಳುರುಳಿದ ಮೇಲೆ ಅದೇ ಎಣ್ಣೆ ಮೇಣದಂತೆ ಕೂತುಬಿಡುತ್ತದೆ. ಅದನ್ನು ತೊಳೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಿಂದ ಒಂದೇ ಒಂದು ಹನಿ ಮುಟ್ಟಿಸಿದರೆ ಸಾಕು. ಹೆಚ್ಚಾದದ್ದು ರಬ್ಬರಿಗೆ ಹರಿದರೆ ಮತ್ತೆ ಮೊದಲಿನ ಪಾಡು.

ರೀಲನ್ನು ಎಳೆಯುವುದು ಗಾಲಿಗಳಲ್ಲ ಎಂಬುದನ್ನು ಇಲ್ಲಿ ಹೇಳಬೇಕು. 3.81 ಮಿಲಿಮೀಟರ್ ಅಗಲದ ಆ ಪಟ್ಟಿಯನ್ನು ಕ್ಯಾಪ್‌ಸ್ಟನ್ ಎಂಬ ತೆಳು ಉಕ್ಕಿನ ಕಡ್ಡಿಗೆ ಒಂದು ರಬ್ಬರ್ ರೋಲರ್ ಒತ್ತಿ ಹಿಡಿಯುತ್ತದೆ. ಕಡ್ಡಿ ತಿರುಗಿದಂತೆ ರೀಲು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಜಾರುತ್ತದೆ. ಗಾಲಿ ಬಂದದ್ದನ್ನು ಸುತ್ತಿಕೊಳ್ಳುತ್ತದೆ, ಅಷ್ಟೇ. ಈ ಲೆಕ್ಕ ಗೊತ್ತಿದ್ದರೆ ಹಾಡಿನ ಅಲುಗಾಟದಿಂದಲೇ ಕೆಟ್ಟ ಭಾಗವನ್ನು ಪತ್ತೆ ಹಚ್ಚಬಹುದು. ಕ್ಯಾಪ್‌ಸ್ಟನ್ ಕಡ್ಡಿ 2 ಮಿಲಿಮೀಟರ್ ದಪ್ಪವಿದ್ದರೆ ಸೆಕೆಂಡಿಗೆ ಸುಮಾರು ಏಳೂವರೆ ಸುತ್ತು ಬರುತ್ತದೆ. ಅದು ಸೊಟ್ಟಗಿದ್ದರೆ ದನಿ ನಡುಗುತ್ತದೆ, ಮುಪ್ಪಿನ ದನಿಯ ನಡುಕದ ಹಾಗೆಯೇ. ರಬ್ಬರ್ ರೋಲರ್ 13 ಮಿಲಿಮೀಟರಿನದಾದರೆ ಒಂದು ಸುತ್ತಿಗೆ ಸುಮಾರು 0.86 ಸೆಕೆಂಡು. ಯಂತ್ರ ವರ್ಷಗಟ್ಟಲೆ ಪ್ಲೇ ಒತ್ತಿದ ಸ್ಥಿತಿಯಲ್ಲೇ ಇದ್ದು ರೋಲರಿನ ಮೈಯಲ್ಲಿ ತಗ್ಗು ಬಿದ್ದಿದ್ದರೆ, ಆ ಅವಧಿಗೊಮ್ಮೆ ದನಿ ತುಸು ಬಾಗುತ್ತದೆ. ಸುತ್ತಿಕೊಳ್ಳುವ ಗಾಲಿಯ ದೋಷ ಬೇರೆ ಥರ. ಗಾಲಿ ಖಾಲಿಯಿದ್ದಾಗ ಸುಮಾರು ಒಂದೂವರೆ ಸೆಕೆಂಡಿಗೊಮ್ಮೆ ಬಂದದ್ದು, ಅರವತ್ತು ನಿಮಿಷದ ಕ್ಯಾಸೆಟ್ಟಿನ ಒಂದು ಮೈ ಮುಗಿಯುವ ಹೊತ್ತಿಗೆ ಮೂರು ಸೆಕೆಂಡಿಗೂ ಮೇಲೆ ಹೋಗುತ್ತದೆ. ಹಾಡುಗಾರ್ತಿಯ ಎಳೆತಕ್ಕೆ ಉಸಿರಿನ ಲೆಕ್ಕ, ಸೊಲ್ಲಿನ ಲೆಕ್ಕ. ಯಂತ್ರದ ಎಳೆತಕ್ಕೆ ಗಾಲಿಯ ಲೆಕ್ಕ. ಕಿವಿಗೆ ಇವು ಬೇರೆ ಕೇಳಿಸದಿದ್ದರೂ ಗಡಿಯಾರ ಹಿಡಿದು ಕೂತರೆ ಬೇರೆಯಾಗುತ್ತವೆ.

ಈಗ ವೇಗದ ಮಾತು. ಮೋಟಾರಿನ ಹಿಂಬದಿಯಲ್ಲಿ ಸಣ್ಣದೊಂದು ತೂತಿರುತ್ತದೆ. ಅದರೊಳಗೆ ತೆಳು ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ವೇಗ ಹೆಚ್ಚುಕಡಿಮೆಯಾಗುತ್ತದೆ. ಎಷ್ಟಕ್ಕೆ ನಿಲ್ಲಿಸಬೇಕೆಂಬುದಕ್ಕೆ 3150 ಹರ್ಟ್ಸ್‌ನ ಒಂದೇ ಸ್ವರ ಮುದ್ರಿಸಿದ ಪರೀಕ್ಷಾ ಕ್ಯಾಸೆಟ್ಟು ಬೇಕು. ಮೊಬೈಲಿನಲ್ಲಿರುವ ಶ್ರುತಿ ಅಳೆಯುವ ಆ್ಯಪಿನಲ್ಲೂ ಓದು ಸಿಗುತ್ತದೆ. 3244 ತೋರಿದರೆ ಯಂತ್ರ ನೂರಕ್ಕೆ ಮೂರರಷ್ಟು ಜೋರು. ನೂರಕ್ಕೆ ಆರರಷ್ಟು ಜೋರಾದರೆ ಇಡೀ ಹಾಡು ಷಡ್ಜದಿಂದ ಶುದ್ಧ ರಿಷಭಕ್ಕೆ ಇರುವಷ್ಟು ಮೇಲೇರುತ್ತದೆ. ಅರವತ್ತರ ಹೆಂಗಸಿನ ದನಿ ಹುಡುಗಿಯದಾಗಲು ಅಷ್ಟು ಬೇಕಾದಷ್ಟು.

ನುಡಿಸುವ ಯಂತ್ರವನ್ನು ಹೀಗೆ ಸರಿಪಡಿಸಿದರೆ ಅರ್ಧ ಕೆಲಸ ಆದಂತೆ. ಅಂದು ಮುದ್ರಿಸಿದ ಯಂತ್ರ ಸರಿಯಾದ ವೇಗದಲ್ಲಿತ್ತೆ? ಕರೆಂಟಿಲ್ಲದ ಹಟ್ಟಿಗಳಲ್ಲಿ ಮುದ್ರಣ ನಡೆದದ್ದು ಸೆಲ್ಲುಗಳ ಮೇಲೆ. ಸೆಲ್ಲು ಒಂದು ಹಂತಕ್ಕೆ ಇಳಿಯುವವರೆಗೆ ಮೋಟಾರು ವೇಗ ಕಾಯ್ದುಕೊಳ್ಳುತ್ತದೆ, ಆಮೇಲೆ ನಿಧಾನವಾಗುತ್ತದೆ. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಜೋರಾಗಿ ಕೇಳುತ್ತದೆ. ಹೀಗಾಗಿ ರಾತ್ರಿಯೆಲ್ಲ ಹಾಡಿದ ಪದಗಳ ಕ್ಯಾಸೆಟ್ಟುಗಳನ್ನು ಸಾಲಾಗಿ ಕೇಳಿದರೆ, ಬೆಳಗಿನ ಜಾವ ಹತ್ತಿರವಾದಂತೆ ಲಯ ಚುರುಕಾಗಿ ಶ್ರುತಿ ಏರಿದಂತೆ ತೋರುತ್ತದೆ. ಅದನ್ನು ದೇವರು ಮೈದುಂಬುವ ಆವೇಶವೆಂದು ವಿವರಿಸುವುದು ಎಷ್ಟು ಸುಲಭ! ಆವೇಶ ಇದ್ದಿರಲೂಬಹುದು. ಆದರೆ ಲಯವೂ ಶ್ರುತಿಯೂ ಒಂದೇ ಪ್ರಮಾಣದಲ್ಲಿ, ತಪ್ಪದೆ ಜೊತೆಯಲ್ಲೇ ಏರಿದ್ದರೆ ಮೊದಲು ಅನುಮಾನಿಸಬೇಕಾದ್ದು ಸೆಲ್ಲುಗಳನ್ನು. ಮೇಲೆ ಹೇಳಿದ ಸೋಬಾನೆ ಕ್ಯಾಸೆಟ್ಟಿನಲ್ಲಿ ಆಗಿದ್ದು ಇದೇ.

ಕರೆಂಟಿನ ಮೇಲೆ ಮುದ್ರಿಸಿದ ಟೇಪುಗಳಲ್ಲಿ ಹಿನ್ನೆಲೆಯ ಗುಂಯ್‌ಗುಡಿತವನ್ನು ಅಳತೆಗೋಲಾಗಿ ಹಿಡಿಯುವ ಕ್ರಮವಿದೆ, ಏಕೆಂದರೆ ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಯುರೋಪಿನಲ್ಲಿ ಇದು ಒಪ್ಪುವ ಮಾತು. ನಮ್ಮಲ್ಲಿ ಎಚ್ಚರ ಬೇಕು. 2003ರಲ್ಲಿ ದಕ್ಷಿಣದ ಗ್ರಿಡ್ಡಿಗೆ ಹೊಸ ದರಪದ್ಧತಿ ಬಂದು ಶಿಸ್ತು ಮೂಡುವ ತನಕ, ಬೇಡಿಕೆ ಹೆಚ್ಚಿದ ಸಂಜೆಗಳಲ್ಲಿ ಆವರ್ತನ 48ರ ಸಮೀಪಕ್ಕೆ ಇಳಿಯುವುದು ಅಪರೂಪವೇನಾಗಿರಲಿಲ್ಲ. ಟೇಪಿನ ಗುಂಯ್‌ಗುಡಿತ 51.5 ತೋರಿತೆನ್ನಿ. ಅಂದಿನ ಕರೆಂಟು 50 ಇತ್ತೆಂದರೆ ದೋಷ ನೂರಕ್ಕೆ 3, 48.5 ಇತ್ತೆಂದರೆ ನೂರಕ್ಕೆ 6ಕ್ಕೂ ಹೆಚ್ಚು. ಎರಡರ ನಡುವೆ ಅರ್ಧ ಸ್ವರಸ್ಥಾನದ ಅಂತರ. ಆದ್ದರಿಂದ ಗುಂಯ್‌ಗುಡಿತವನ್ನು ಸಾಕ್ಷಿಯಾಗಿ ಕರೆಯಬಹುದು, ತೀರ್ಪನ್ನು ಅದರ ಕೈಗೆ ಕೊಡಬಾರದು.

ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿಯೊಂದಿದೆ. ಅದು ಗಣೆ. ಜುಂಜಪ್ಪನ ಕತೆಯನ್ನು ಕಾಡುಗೊಲ್ಲರು ಉದ್ದನೆಯ ಬಿದಿರಿನ ಗಣೆ ಊದುತ್ತ ಹೇಳುತ್ತಾರೆ. ಗಣೆಯ ನೀಳವಾದ ಸ್ವರ ಮನುಷ್ಯನ ದನಿಯಷ್ಟು ಚಂಚಲವಲ್ಲ. ಬೆಲ್ಟಿನ ಜಾರಾಟ, ರೋಲರಿನ ತಗ್ಗು ಅದರಲ್ಲಿ ಎದ್ದು ಕಾಣುತ್ತವೆ. ಅದಕ್ಕಿಂತ ಮುಖ್ಯವಾಗಿ, ಗಣೆಯನ್ನು ಮನೆಗಳಲ್ಲಿ ಪೂಜೆಯ ವಸ್ತುವಿನಂತೆ ಕಾಪಾಡಿಕೊಂಡು ಬರುತ್ತಾರೆ. ಅಂದು ಊದಿದ ಗಣೆಯೇ ಇಂದಿಗೂ ಸಿಕ್ಕರೆ ಅದರ ಶ್ರುತಿಯನ್ನು ಅಳೆದು ಟೇಪಿನ ಶ್ರುತಿಯ ಪಕ್ಕ ಇಡಬಹುದು. ಎರಡರ ಅನುಪಾತವೇ ವೇಗದ ದೋಷ. ವಿದೇಶದಿಂದ ತರಿಸಿದ ಪರೀಕ್ಷಾ ಕ್ಯಾಸೆಟ್ಟು ನುಡಿಸುವ ಯಂತ್ರದ ಬಗ್ಗೆ ಮಾತ್ರ ಹೇಳಬಲ್ಲದು. ಮುದ್ರಿಸಿದ ಯಂತ್ರದ ಬಗ್ಗೆ ಹೇಳಬಲ್ಲದ್ದು ಹಟ್ಟಿಯ ಗಣೆ.

ಇದಕ್ಕೂ ತನ್ನದೇ ಮಿತಿಯುಂಟು. ಊದುವ ರಭಸದಿಂದ ಶ್ರುತಿ ಬದಲಾಗುತ್ತದೆ. ಗಾಳಿಯ ಬಿಸಿ ಏರಿದಂತೆ ಕೊಳವೆಯ ದನಿಯೂ ಏರುತ್ತದೆ, ಲೆಕ್ಕದ ಪ್ರಕಾರ ಹತ್ತು ಡಿಗ್ರಿಗೆ ನೂರಕ್ಕೆ 1.7ರಷ್ಟು. ಉಸಿರಿನ ಬಿಸಿ ಕೊಳವೆಯೊಳಗೆ ಸೇರುವುದರಿಂದ ಕಾರ್ಯತಃ ಇದಕ್ಕಿಂತ ಸ್ವಲ್ಪ ಕಡಿಮೆ ಆಗಬೇಕು. ಹಬ್ಬದ ಚಳಿಯ ರಾತ್ರಿ ಮುದ್ರಿಸಿದ್ದನ್ನು ಚೈತ್ರದ ಮಧ್ಯಾಹ್ನ ಊದಿಸಿದ ಗಣೆಯೊಂದಿಗೆ ಹೋಲಿಸಿದರೆ ತಪ್ಪು ಲೆಕ್ಕ ಬರುವುದು ಖಂಡಿತ.

ವೇಗದಷ್ಟೇ ಗಂಭೀರವಾದ ಇನ್ನೊಂದು ವಿಷಯ ಹೆಡ್ಡಿನದು. ಇದು ಭಾಷಾಶಾಸ್ತ್ರದವರು ಕಿವಿಗೊಡಬೇಕಾದ ಜಾಗ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಹಾಕಿದ ಒಂದು ಸ್ಕ್ರೂ ಇದೆ. ಅದು ಹೆಡ್ಡಿನ ಸೀಳು ರೀಲಿಗೆ ನೇರ ಲಂಬವಾಗಿ ನಿಲ್ಲುವಂತೆ ನೋಡಿಕೊಳ್ಳುತ್ತದೆ. ಮುದ್ರಿಸಿದ ಹೆಡ್ಡೂ ನುಡಿಸುವ ಹೆಡ್ಡೂ ಒಂದೇ ಕೋನದಲ್ಲಿರಬೇಕು. ತುಸು ವಾಲಿದರೂ ದನಿ ಕಂಬಳಿಯೊಳಗಿಂದ ಬಂದಂತಾಗುತ್ತದೆ. ‘ತುಸು’ ಎಂದರೆ ಎಷ್ಟೆಂದು ಲೆಕ್ಕ ಹಾಕಿ ನೋಡಿದೆ. ಸಕಾರದ ಸೀಟಿಯಂಥ ಸದ್ದು 6000 ಹರ್ಟ್ಸ್ ಆಸುಪಾಸಿನಲ್ಲಿದೆ ಎಂದಿಟ್ಟುಕೊಂಡರೆ ರೀಲಿನ ಮೇಲೆ ಅದರ ಒಂದು ಅಲೆಯ ಉದ್ದ 8 ಮೈಕ್ರಾನಿಗೂ ಕಡಿಮೆ. ಮೊನೊ ಯಂತ್ರದಲ್ಲಿ ಹೆಡ್ಡು ಓದುವ ಪಟ್ಟೆಯ ಅಗಲ ಸುಮಾರು 1.5 ಮಿಲಿಮೀಟರ್. ಹೆಡ್ಡು ಒಂದು ಡಿಗ್ರಿಯ ಮೂರನೇ ಒಂದು ಪಾಲಿನಷ್ಟು ವಾಲಿದರೆ ಸಾಕು, ಆ ಅಲೆ ತನ್ನನ್ನು ತಾನೇ ಅಳಿಸಿಕೊಂಡು ಪೂರ್ತಿ ಮಾಯವಾಗುತ್ತದೆ.

ಹಾಗೆ ಮಾಯವಾಗುವುದು ಸಕಾರ ಶಕಾರಗಳ ನಡುವಿನ ಗೆರೆ, ಹಕಾರದ ಉಸಿರು. ಹಟ್ಟಿಯ ಮಾತಿನಲ್ಲಿ ಶಕಾರ ಸಕಾರವಾಗುವುದೂ, ಹಟ್ಟಿ ‘ಅಟ್ಟಿ’ಯಾಗುವುದೂ ನಿಜವಾದ ಲಕ್ಷಣಗಳೇ. ತೊಂದರೆಯಿರುವುದು ಅಲ್ಲಿಯೇ. ಯಂತ್ರದ ದೋಷ ಮತ್ತು ನುಡಿಯ ಗುಣ ಒಂದೇ ದಿಕ್ಕಿನಲ್ಲಿ ಹೋದಾಗ ಒಂದು ಇನ್ನೊಂದರ ಮರೆಯಲ್ಲಿ ಅಡಗುತ್ತದೆ. ವಾಲಿದ ಹೆಡ್ಡಿನಲ್ಲಿ ಕೇಳಿ ‘ಇಲ್ಲಿ ಹಕಾರವೇ ಇಲ್ಲ’ ಎಂದು ಬರೆದರೆ, ಹಾಡುವಾಗ ಮಾತ್ರ ಉಳಿಸಿಕೊಳ್ಳುವ ಹಳೆಯ ಹಕಾರವೊಂದು ನಮ್ಮ ಕೈಯಲ್ಲೇ ಅಳಿಸಿಹೋಗಬಹುದು. ಅದಕ್ಕಾಗಿ ಪ್ರತಿ ಕ್ಯಾಸೆಟ್ಟಿಗೂ, ಅದರ ಪ್ರತಿ ಮೈಗೂ, ಆ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, ಕಿವಿಗೆ ಸಕಾರ ಅತ್ಯಂತ ಸ್ಪಷ್ಟವಾಗುವಲ್ಲಿ ನಿಲ್ಲಿಸಬೇಕು. ಇದಕ್ಕೆ ಮೊದಲು ಹೆಡ್ಡಿನ ಮೇಲಿನ ಕಂದು ಕಿಟ್ಟವನ್ನು ಸ್ಪಿರಿಟ್ ಹತ್ತಿಯಿಂದ ತೆಗೆದಿರಬೇಕು. ಕ್ಯಾಸೆಟ್ಟಿನೊಳಗೆ ರೀಲನ್ನು ಹೆಡ್ಡಿಗೆ ಒತ್ತುವ ಉಣ್ಣೆಯ ಪುಟ್ಟ ಮೆತ್ತೆ ಇದೆಯೇ ಎಂದೂ ನೋಡಬೇಕು. ಬಿಸಿಲಿಗೆ ಅದರ ಅಂಟು ಒಣಗಿ ಮೆತ್ತೆ ಉದುರಿದ ಕ್ಯಾಸೆಟ್ಟುಗಳು ಇಲ್ಲಿ ಬೇಕಾದಷ್ಟು. ಅಂಥವುಗಳ ರೀಲನ್ನು ಸ್ಕ್ರೂ ಇರುವ ಬೇರೆ ಚಿಪ್ಪಿಗೆ ದಾಟಿಸುವುದೇ ಸರಿ. ತುಂಡಾದ ರೀಲಿಗೆ ಅದಕ್ಕೆಂದೇ ಇರುವ ಜೋಡುಪಟ್ಟಿ ಹಾಕಬೇಕು. ಸ್ಟೇಷನರಿ ಅಂಗಡಿಯ ಸೆಲೊಟೇಪಿನ ಅಂಟು ಒಸರಿ ಪಕ್ಕದ ಸುತ್ತಿಗೂ ಹತ್ತುತ್ತದೆ.

ಚಿಕ್ಕದೊಂದು ಮಾತನ್ನು ಇಲ್ಲೇ ಸೇರಿಸುತ್ತೇನೆ. ಕೆಲವು ಕ್ಯಾಸೆಟ್ಟುಗಳಲ್ಲಿ ಸೊಲ್ಲು ಶುರುವಾಗುವ ಮೊದಲೇ ಅದೇ ಸೊಲ್ಲು ಪಿಸುದನಿಯಲ್ಲಿ ಕೇಳಿಸುತ್ತದೆ. ಹಿಂದೆ ಕೂತ ಯಾರೋ ನೆನಪು ಮಾಡಿಕೊಡುತ್ತಿದ್ದಾರೆ ಎಂದು ನಾನೇ ಒಮ್ಮೆ ಬರೆದುಕೊಂಡಿದ್ದೆ. ಅದು ನೆನಪು ಕೊಡುವವರ ದನಿಯಲ್ಲ. ವರ್ಷಗಟ್ಟಲೆ ಒಂದರ ಮೇಲೊಂದು ಸುತ್ತಿ ಕೂತ ರೀಲಿನಲ್ಲಿ ಒಂದು ಸುತ್ತಿನ ಕಾಂತತ್ವ ಪಕ್ಕದ ಸುತ್ತಿಗೆ ಅಚ್ಚೊತ್ತಿದ್ದು. ಪಿಸುದನಿಗೂ ಸೊಲ್ಲಿಗೂ ನಡುವಿನ ಅಂತರ ಗಾಲಿಯ ಒಂದು ಸುತ್ತಿನ ಕಾಲಕ್ಕೆ ಸರಿಹೊಂದಿದರೆ ಸಂಶಯವೇ ಬೇಡ. ಆ ಟಿಪ್ಪಣಿಯನ್ನು ಹೊಡೆದುಹಾಕಿದ್ದೇನೆ.

ಯಂತ್ರ ಹೋದರೆ ಟೇಪು ಮೂಕವಾಗುವುದು ನಮ್ಮೊಬ್ಬರ ಕಷ್ಟವಲ್ಲ. 1966-67ರಲ್ಲಿ ಚಂದ್ರನ ಸುತ್ತ ಹೋದ ಲೂನಾರ್ ಆರ್ಬಿಟರ್ ನೌಕೆಗಳ ಚಿತ್ರಗಳಿದ್ದ ಟೇಪುಗಳು ನಾಸಾದ ಬಳಿ ಉಳಿದಿದ್ದವು. ಅವನ್ನು ಓದುವ ಆಂಪೆಕ್ಸ್ ಎಫ್ಆರ್-900 ಯಂತ್ರಗಳು ಉಳಿದದ್ದು ನ್ಯಾನ್ಸಿ ಇವಾನ್ಸ್ ಎಂಬಾಕೆ ತಮ್ಮ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕಾಪಾಡಿದ್ದರಿಂದ. ಆ ಯಂತ್ರಗಳಿಗೆ ಜೀವ ಬಂದು ಮೊದಲ ಚಿತ್ರ ಹೊರಬಿದ್ದದ್ದು 2008ರಲ್ಲಿ. 2019ರಲ್ಲಿ ಯುನೆಸ್ಕೊ ಮತ್ತು ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಕೂಡಿ, ನುಡಿಸುವ ಯಂತ್ರಗಳ ಕೊರತೆಯಿಂದ 2025ರ ಹೊತ್ತಿಗೆ ಟೇಪುಗಳನ್ನು ಡಿಜಿಟಲಿಗೆ ತರುವುದು ದುಸ್ತರವಾದೀತೆಂದು ಎಚ್ಚರಿಸಿದವು. ಆ ಗಡುವು ಬಂದು ಹೋಯಿತು. ಹರಿಯಬ್ಬೆಯಂಥ ಊರಿನ ಅಟ್ಟದಲ್ಲಿ ಕೂತಿರುವ ಕೆಟ್ಟ ಟೇಪ್‌ರೆಕಾರ್ಡರನ್ನು ಗುಜರಿಗೆ ಹಾಕಬೇಡಿ ಎಂದು ನಾನು ಕಂಡಕಂಡವರನ್ನು ಕೇಳಿಕೊಳ್ಳುವುದು ಇದಕ್ಕೇ. ಒಂದರ ಮೋಟಾರು, ಇನ್ನೊಂದರ ಹೆಡ್ಡು ಸೇರಿ ಮೂರನೆಯದು ಓಡುತ್ತದೆ.

ನಮ್ಮ ನಾಡಿನಲ್ಲಿಯೇ ಒಳ್ಳೆಯ ಮಾದರಿಯೂ ಇದೆ. 1990ರ ಡಿಸೆಂಬರಿನಲ್ಲಿ ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಲೌರಿ ಹಾಂಕೊ, ವಿವೇಕ ರೈ, ಚಿನ್ನಪ್ಪ ಗೌಡ ಮತ್ತು ಅನೇಲಿ ಹಾಂಕೊ ಧ್ವನಿಮುದ್ರಿಸಿದರು. ಅದು 15,683 ಸಾಲುಗಳ ತುಳು ಕಾವ್ಯ. 1998ರಲ್ಲಿ ಅದು ಅಚ್ಚಾದಾಗ ಪಠ್ಯದ ಜೊತೆಗೆ, ಹಾಡು ಪಠ್ಯವಾದ ಬಗೆಯನ್ನೇ ವಿವರಿಸುವ ಪ್ರತ್ಯೇಕ ಸಂಪುಟವೊಂದು ಬಂತು. ಅಷ್ಟು ದೊಡ್ಡ ಏರ್ಪಾಡು ಎಲ್ಲರಿಗೂ ಸಾಧ್ಯವಿಲ್ಲ, ನಿಜ. ಆದರೆ ಪ್ರತಿ ಹಾಡಿನ ತಲೆಯ ಮೇಲೆ ನಾಲ್ಕು ಸಾಲು ಬರೆಯುವುದಕ್ಕೆ ಏನೂ ಅಡ್ಡಿಯಿಲ್ಲ.

ಆ ಸೋಬಾನೆ ಕ್ಯಾಸೆಟ್ಟಿನ ಮೊದಲ ಮೈಗೆ ನಾನು ಬರೆದಿಟ್ಟದ್ದು ಹೀಗಿದೆ: ನುಡಿಸಿದ ಯಂತ್ರದ ಬೆಲ್ಟು, ರಬ್ಬರ್ ರೋಲರ್ ಹೊಸವು, ವೇಗವನ್ನು 3150 ಹರ್ಟ್ಸ್ ಸ್ವರಕ್ಕೆ ಸರಿಪಡಿಸಿದೆ. ಹೆಡ್ಡಿನ ಕೋನವನ್ನು ಈ ಮೈಗೆಂದೇ ಹೊಂದಿಸಿದೆ. ಮುದ್ರಣ ಸೆಲ್ಲಿನ ಮೇಲೆ ಆದದ್ದು, ಕೊನೆಯ ಮೂರು ಪದಗಳಲ್ಲಿ ವೇಗ ಜಾರಿದೆ. ಡಿಜಿಟಲ್ ಪ್ರತಿ ಎರಡು, ಒಂದು ಇದ್ದ ಹಾಗೆ, ಇನ್ನೊಂದು ವೇಗ ತಿದ್ದಿದ್ದು. ತಿದ್ದುವಿಕೆಗೆ ಆಧಾರ ಮಗಳ ನೆನಪು ಮತ್ತು ಅದೇ ರಾತ್ರಿ ಊದಿದ ಗಣೆ. ಗಣೆಯನ್ನು ಈ ಬಾರಿ ಅಳೆದದ್ದು ಹಗಲಿನಲ್ಲಿ, ಮಾಗಿಯ ರಾತ್ರಿ ಹಟ್ಟಿಗೆ ಹೋಗಿ ಮತ್ತೊಮ್ಮೆ ಊದಿಸಿ ಅಳೆಯಬೇಕು.